ಶಬೆ ಬರಾತ್: ಕ್ಷಮೆಯ ರಾತ್ರಿಗೆ ಸಿದ್ಧವಾಗುವುದು ಹೇಗೆ?

ಶಾಬಾನ್ ತಿಂಗಳ 15ರ ರಾತ್ರಿ, ಅಂದರೆ ಶಬೆ ಬರಾತ್, ಹತ್ತಿರ ಬಂತೆಂದರೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. ಆ ರಾತ್ರಿ ಎಷ್ಟು ರಕಅತ್ (ನಮಾಝ್‌ನ ಒಂದು ಸುತ್ತು) ನಮಾಝ್ ಮಾಡಬೇಕು, ಯಾವ ಸೂರಃ (ಕುರ್‌ಆನ್‌ನ ಅಧ್ಯಾಯ) ಎಷ್ಟು ಸಲ ಓದಬೇಕು? ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಈ ರಾತ್ರಿಯ ಬಗ್ಗೆ ಬಂದಿರುವ ಹದೀಸ್‌ಗಳಲ್ಲಿ, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಗಳಲ್ಲಿ, ವಿದ್ವಾಂಸರು ಹೆಚ್ಚು ಒಪ್ಪುವ ಹದೀಸ್‌ನಲ್ಲಿ ರಕಅತ್‌ಗಳ ಮಾತೇ ಇಲ್ಲ. ಇಬ್ನು ಮಾಜಃ ಸಂಗ್ರಹದಲ್ಲಿ ಅಬೂ ಮೂಸಾ ಅಲ್ ಅಶ್‌ಅರಿ (ರ) ಅವರಿಂದ ಬಂದಿರುವ ಹದೀಸ್ ಅದು. ಅದರ ಸಾರ ಇಷ್ಟು: ಶಾಬಾನ್ ತಿಂಗಳ ನಡುವಿನ ರಾತ್ರಿ ಅಲ್ಲಾಹನು ತನ್ನ ಸೃಷ್ಟಿಯ ಕಡೆ ನೋಡುತ್ತಾನೆ. ಇಬ್ಬರನ್ನು ಬಿಟ್ಟು ಉಳಿದ ಎಲ್ಲರನ್ನೂ ಕ್ಷಮಿಸುತ್ತಾನೆ. ಒಬ್ಬ, ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸಿದವನು. ಇನ್ನೊಬ್ಬ, ಮನಸ್ಸಿನಲ್ಲಿ ದ್ವೇಷ ಇಟ್ಟುಕೊಂಡವನು.

ಇದೇ ಅರ್ಥದ ಹದೀಸ್ ಮುಆದ್ ಇಬ್ನು ಜಬಲ್ (ರ) ಅವರಿಂದಲೂ ಬಂದಿದೆ. ಹದೀಸನ್ನು ಒಬ್ಬರಿಂದೊಬ್ಬರು ತಲುಪಿಸಿದವರ ಒಂದೊಂದು ಸರಪಳಿಯಲ್ಲೂ ಸ್ವಲ್ಪ ಬಲಹೀನತೆ ಇದ್ದರೂ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಇದು ನಿಲ್ಲುತ್ತದೆ ಎಂದು ಹಲವು ಹದೀಸ್ ವಿದ್ವಾಂಸರು ಹೇಳಿದ್ದಾರೆ. ಹಾಗಾಗಿ ಈ ಲೇಖನದಲ್ಲಿ ನಮಾಝ್‌ಗಿಂತ ಮೊದಲು ಜನರ ವಿಷಯ ಬರುತ್ತದೆ. ಮುಸಲ್ಲಾ (ನಮಾಝ್‌ನ ಚಾಪೆ) ಹಾಸುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಅದು, ಜಾಸ್ತಿ ಜನ ಬಿಟ್ಟುಬಿಡುವುದೂ ಅದನ್ನೇ.

ಮೊದಲು ರಾತ್ರಿ ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ

ಶಾಬಾನ್ ಹಿಜ್ರಿ ವರ್ಷದ ಎಂಟನೇ ತಿಂಗಳು. ರಜಬ್ ಆದ ಮೇಲೆ, ರಂಝಾನ್‌ಗೆ ಮುಂಚೆ ಬರುತ್ತದೆ. ಇಸ್ಲಾಮಿನ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಆದ್ದರಿಂದ 14ನೇ ದಿನ ಮುಗಿದು ಮಗ್ರಿಬ್ (ಸಂಜೆಯ ನಮಾಝ್) ಬಾಂಗ್ ಆದ ಕ್ಷಣದಿಂದ 15ರ ರಾತ್ರಿ ಶುರು. ಮರುದಿನದ ಫಜ್ರ್ (ಬೆಳಗಿನ ಜಾವದ ನಮಾಝ್) ಹೊತ್ತಿಗೆ ಅದು ಮುಗಿಯುತ್ತದೆ. ಕ್ಯಾಲೆಂಡರ್‌ನಲ್ಲಿ 15 ಎಂದು ಬರೆದಿರುವ ದಿನದ ರಾತ್ರಿ ಎಂದುಕೊಂಡು ಒಂದು ದಿನ ತಡ ಮಾಡುವವರು ಇದ್ದಾರೆ. ಹಾಗೆ ಆಗದಂತೆ ನೋಡಿಕೊಳ್ಳಿ.

ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅದಕ್ಕೇ ಈ ರಾತ್ರಿ ಪ್ರತಿ ವರ್ಷ ಅಷ್ಟು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಹಲವು ದೇಶಗಳಲ್ಲಿ ಫೆಬ್ರವರಿ 13ರ ರಾತ್ರಿ ಬಂದಿತ್ತು. ಚಂದ್ರದರ್ಶನ ಬೇರೆ ಬೇರೆ ಕಡೆ ಬೇರೆ ಬೇರೆ ದಿನ ಆಗಬಹುದು. ನೀವಿರುವ ಕಡೆ ಮಸೀದಿ ಯಾವ ದಿನ ಹೇಳುತ್ತದೋ ಅದನ್ನೇ ಹಿಡಿಯಿರಿ.

ಹೆಸರು ಊರೂರಿಗೆ ಬದಲಾಗುತ್ತದೆ. ಅರಬರು ನಿಸ್ಫ್ ಶಾಬಾನ್ ರಾತ್ರಿ ಎನ್ನುತ್ತಾರೆ. ತುರ್ಕಿಯಲ್ಲಿ ಬೆರಾತ್ ಕಂದಿಲಿ. ಇಂಡೋನೇಷ್ಯಾದಲ್ಲಿ ನಿಸ್ಫು ಶಾಬಾನ್. ಶಿಯಾ ಮುಸ್ಲಿಮರಿಗೆ ಈ ದಿನಕ್ಕೆ ಇನ್ನೊಂದು ಮಹತ್ವವೂ ಇದೆ. ಹನ್ನೆರಡನೇ ಇಮಾಮ್ ಮಹ್ದಿ ಅವರು ಹಿಜ್ರಿ 255ರ ಶಾಬಾನ್ 15ರಂದು ಸಾಮರ್ರಾದಲ್ಲಿ ಹುಟ್ಟಿದರು ಎಂದು ಅವರು ನಂಬುತ್ತಾರೆ. ಈ ರಾತ್ರಿ ಅವರು ದುಆ ಕುಮೈಲ್ ಓದುತ್ತಾರೆ. ಕರ್ಬಲಾದಲ್ಲಿ ಇಮಾಮ್ ಹುಸೈನ್ (ರ) ಅವರ ಝಿಯಾರತ್‌ಗೆ (ಸಮಾಧಿ ದರ್ಶನಕ್ಕೆ) ದೊಡ್ಡ ಸಂಖ್ಯೆಯಲ್ಲಿ ಜನ ಸೇರುತ್ತಾರೆ. ಇಲ್ಲಿ ನಾನು ಬರೆಯುತ್ತಿರುವುದು ಸುನ್ನಿ ರೂಢಿಯ ಬಗ್ಗೆ. ತೌಬಾ (ಪಶ್ಚಾತ್ತಾಪಪಟ್ಟು ಅಲ್ಲಾಹನತ್ತ ಮರಳುವುದು) ಮತ್ತು ಜನರ ಹಕ್ಕಿನ ಮಾತು ಮಾತ್ರ ಎಲ್ಲರಿಗೂ ಸಮಾನ.

ಒಂದು ವಾರ ಮುಂಚೆ: ಜನರ ಲೆಕ್ಕ ತೀರಿಸಿ

ಪಾಪಗಳಲ್ಲಿ ಎರಡು ಬಗೆ. ಒಂದು, ನಮಗೂ ಅಲ್ಲಾಹನಿಗೂ ನಡುವಿನದು. ಇನ್ನೊಂದು, ನಮಗೂ ಇನ್ನೊಬ್ಬ ಮನುಷ್ಯನಿಗೂ ನಡುವಿನದು. ಮೊದಲನೆಯದಕ್ಕೆ ಕಣ್ಣೀರು ಹಾಕಿ ಕೇಳಿದರೆ ಸಾಕು. ಎರಡನೆಯದಕ್ಕೆ ಆ ಮನುಷ್ಯನ ಬಾಗಿಲಿಗೂ ಹೋಗಬೇಕು. ಇನ್ನೊಬ್ಬರ ಮಾನಕ್ಕೋ ಬೇರೆ ಯಾವುದಕ್ಕೋ ಅನ್ಯಾಯ ಮಾಡಿದವನು ದೀನಾರ್ ದಿರ್ಹಮ್ ಯಾವುದೂ ಇಲ್ಲದ ದಿನ ಬರುವ ಮೊದಲೇ ಅದನ್ನು ಅವರಿಂದ ಬಿಡಿಸಿಕೊಳ್ಳಲಿ ಎಂದು ಪ್ರವಾದಿ (ಸ) ಹೇಳಿರುವುದು ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಮುಸ್ಲಿಮ್ ಎಂಬ ಇನ್ನೊಂದು ಸಂಗ್ರಹದಲ್ಲಿರುವ ದಿವಾಳಿಯಾದವನ ಹದೀಸ್ ಇನ್ನೂ ಭಯ ಹುಟ್ಟಿಸುತ್ತದೆ. ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ಒಬ್ಬ ಅಂತಿಮ ದಿನ ಬರುತ್ತಾನೆ. ಆದರೆ ಯಾರನ್ನೋ ಬೈದಿರುತ್ತಾನೆ, ಯಾರ ಮೇಲೋ ಸುಳ್ಳು ಆರೋಪ ಹೊರಿಸಿರುತ್ತಾನೆ, ಯಾರದ್ದೋ ಹಣ ತಿಂದಿರುತ್ತಾನೆ. ಅವನ ಪುಣ್ಯಗಳನ್ನೆಲ್ಲ ಅವರಿಗೆ ಹಂಚಲಾಗುತ್ತದೆ. ಪುಣ್ಯ ಮುಗಿದರೆ ಅವರ ಪಾಪ ಇವನ ತಲೆಗೆ ಬರುತ್ತದೆ.

ಹಾಗಾಗಿ ಒಂದು ವಾರ ಇರುವಾಗಲೇ ಒಂದು ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ. ಮೂರು ಸಾಲು ಸಾಕು. ಯಾರ ಜೊತೆ ಮಾತು ಬಿಟ್ಟಿದ್ದೀನಿ? ಯಾರಿಗೆ ಹಣ ಅಥವಾ ವಸ್ತು ಕೊಡಬೇಕು? ಯಾರ ಬಗ್ಗೆ ಬೆನ್ನ ಹಿಂದೆ ಆಡಬಾರದ್ದು ಆಡಿದ್ದೀನಿ? ಹೆಸರುಗಳು ತಾವಾಗಿಯೇ ಬರುತ್ತವೆ. ಮೊದಲು ನೆನಪಾಗುವ ಹೆಸರು ಸಾಮಾನ್ಯವಾಗಿ ಒಡಹುಟ್ಟಿದವರದ್ದು, ಇಲ್ಲವೇ ಗಂಡ ಅಥವಾ ಹೆಂಡತಿಯದ್ದು. ದೂರದವರನ್ನು ನೋಯಿಸುವಷ್ಟು ಹತ್ತಿರ ನಾವು ಹೋಗುವುದೇ ಕಡಿಮೆ, ಅಲ್ವಾ?

ಈಗ ಒಂದು ವಿಷಯ ನೇರವಾಗಿ ಹೇಳಬೇಕು. ಈ ರಾತ್ರಿ ಬಂದಾಗ ಫೋನ್ ತುಂಬ ಒಂದೇ ಸಂದೇಶ ಹರಿದಾಡುತ್ತದೆ: "ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪು ಮಾಡಿದ್ದರೆ ಮಾಫ್ ಮಾಡಿ." ಅದನ್ನು ಇನ್ನೂರು ಜನಕ್ಕೆ ಕಳಿಸುತ್ತೇವೆ. ನಿಜವಾಗಿ ನೋಯಿಸಿದ ಒಬ್ಬರಿಗೆ ಮಾತ್ರ ಕಳಿಸಲು ಕೈ ಬರುವುದಿಲ್ಲ. ಕಳಿಸಿದರೂ ಅವರಿಗೆ ಅದು ಎಲ್ಲರಿಗೂ ಹೋದ ಸಂದೇಶ ಎಂದು ಗೊತ್ತಿರುತ್ತದೆ. ಅಂಥ ಸಂದೇಶದಿಂದ ಯಾರ ಹಕ್ಕೂ ತೀರುವುದಿಲ್ಲ. ಆ ಒಬ್ಬರಿಗೆ ಫೋನ್ ಮಾಡಿ, ಆಗುವುದಾದರೆ ಎದುರಿಗೇ ಹೋಗಿ.

ಹೋದಾಗ ಏನು ಹೇಳಬೇಕು? ಮಾಡಿದ್ದನ್ನು ಹೆಸರಿಟ್ಟು ಹೇಳಿ. "ಆಸ್ತಿ ಹಂಚುವ ದಿನ ಎಲ್ಲರ ಮುಂದೆ ನಿನ್ನನ್ನು ಸುಳ್ಳಿ ಎಂದೆ. ಅದು ನನ್ನ ತಪ್ಪು. ನನ್ನನ್ನು ಕ್ಷಮಿಸು ಎಂದು ಕೇಳುವುದಕ್ಕೇ ಬಂದೆ." ಇಷ್ಟೇ. "ತಪ್ಪಾಗಿದ್ದರೆ ಕ್ಷಮಿಸು" ಎಂದರೆ ತಪ್ಪು ಆಗಿದೆಯೋ ಇಲ್ಲವೋ ಎಂಬ ವಾದ ಮತ್ತೆ ಶುರುವಾಗುತ್ತದೆ. "ನೀನೂ ಏನು ಕಡಿಮೆ ಮಾಡಲಿಲ್ಲ" ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಅವರ ಪಾಲಿನ ತಪ್ಪನ್ನು ಒಪ್ಪಿಸುವುದು ನಿಮ್ಮ ಕೆಲಸವಲ್ಲ. ಅವರು ಆ ಕ್ಷಣ ಕ್ಷಮಿಸದಿದ್ದರೆ ಒತ್ತಾಯ ಮಾಡಬೇಡಿ. ಶಬೆ ಬರಾತ್ ಎಂದು ಹೇಳಿ ಕಟ್ಟಿಹಾಕುವುದೂ ಬೇಡ. ಸಲಾಮ್ ಹೇಳಿ ಎದ್ದು ಬನ್ನಿ, ಅವರಿಗಾಗಿ ದುಆ ಮಾಡುತ್ತಿರಿ.

ಮಾತು ಬಿಟ್ಟವರ ವಿಷಯದಲ್ಲಿ ಹದೀಸ್ ಸ್ಪಷ್ಟವಾಗಿದೆ. ಸಹೋದರನ ಜೊತೆ ಮೂರು ದಿನಕ್ಕಿಂತ ಜಾಸ್ತಿ ಮಾತು ಬಿಡುವುದು ಸಲ್ಲದು, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮ. ಯಾರು ಸರಿ ಯಾರು ತಪ್ಪು ಎಂಬ ತೀರ್ಮಾನ ಆಗುವವರೆಗೆ ಕಾಯಿರಿ ಎಂದು ಅದರಲ್ಲಿಲ್ಲ.

ಹಣದ ಬಾಕಿ ಇದ್ದರೆ ಕ್ಷಮೆ ಕೇಳುವುದಷ್ಟೇ ಸಾಲದು. ಪೂರ್ತಿ ಕೊಡಲು ಆಗದಿದ್ದರೆ ಇಷ್ಟು ಈಗ, ಉಳಿದದ್ದು ಇಂಥ ತಿಂಗಳು ಎಂದು ಹೇಳಿ, ಬರೆದುಕೊಡಿ. ಕೊಡಬೇಕಾದವರು ತೀರಿಹೋಗಿದ್ದರೆ ಅವರ ವಾರಸುದಾರರಿಗೆ ಕೊಡಿ. ಎಷ್ಟು ಹುಡುಕಿದರೂ ಸಿಗದಿದ್ದರೆ ಅವರ ಹೆಸರಿನಲ್ಲಿ ಸದಕಾ (ದಾನ) ಮಾಡಿ ಎಂದು ವಿದ್ವಾಂಸರು ಹೇಳುತ್ತಾರೆ. ಹೆಣ್ಣುಮಕ್ಕಳ ಆಸ್ತಿಯ ಪಾಲು ತಡೆದಿಟ್ಟುಕೊಂಡಿರುವುದೂ, ಹೆಂಡತಿಗೆ ಕೊಡಬೇಕಾದ ಮಹ್ರ್ (ವಧುಧನ) ಉಳಿಸಿಕೊಂಡಿರುವುದೂ ಸಾಲವೇ. ಇದನ್ನು ಪಟ್ಟಿಯಲ್ಲಿ ಬರೆಯಲು ಮರೆಯುವವರೇ ಜಾಸ್ತಿ.

ಚಾಡಿಯ ವಿಷಯ ಸ್ವಲ್ಪ ನಾಜೂಕು. ನೀವು ಆಡಿದ ಮಾತು ಅವರ ಕಿವಿಗೆ ಬಿದ್ದಿದ್ದರೆ ಹೋಗಿ ಕ್ಷಮೆ ಕೇಳಬೇಕು. ಬಿದ್ದೇ ಇಲ್ಲದಿದ್ದರೆ ಹೋಗಿ ಹೇಳುವುದರಿಂದ ಹೊಸ ನೋವು, ಹೊಸ ಜಗಳ ಹುಟ್ಟುತ್ತದೆ. ಆಗ ಅವರಿಗಾಗಿ ದುಆ ಮಾಡಿ, ಯಾರ ಮುಂದೆ ಕೆಟ್ಟದ್ದು ಹೇಳಿದ್ದಿರೋ ಅವರ ಮುಂದೆಯೇ ಒಳ್ಳೆಯದು ಹೇಳಿ ಎಂದು ಇಬ್ನು ತೈಮಿಯ್ಯಾ ಮುಂತಾದವರು ಸೂಚಿಸಿದ್ದಾರೆ. ನನಗೆ ಇದೇ ಸರಿ ಅನ್ನಿಸುತ್ತದೆ.

ಇನ್ನು ನೀವು ಕ್ಷಮಿಸಬೇಕಾದ ಜನ. ಇದು ಕ್ಷಮೆ ಕೇಳುವುದಕ್ಕಿಂತ ಕಷ್ಟ. ಪ್ರವಾದಿಯವರ ಸಂಗಾತಿ ಅಬೂಬಕರ್ (ರ) ಅವರ ಘಟನೆ ಇಲ್ಲಿ ನೆನಪಿಸಿಕೊಳ್ಳಬೇಕು. ಮಿಸ್ತಹ್ ಎಂಬ ಬಡ ಸಂಬಂಧಿಕನನ್ನು ಅವರೇ ಸಾಕುತ್ತಿದ್ದರು. ಅದೇ ಮಿಸ್ತಹ್, ಅವರ ಮಗಳು ಆಯಿಶಾ (ರ) ಅವರ ಮೇಲೆ ಹೊರಿಸಿದ ಸುಳ್ಳು ಆರೋಪವನ್ನು ಹಬ್ಬಿಸಿದವರಲ್ಲಿ ಒಬ್ಬ. ಆಯಿಶಾ (ರ) ನಿರ್ದೋಷಿ ಎಂದು ಕುರ್‌ಆನ್ ಸಾರಿದ ಮೇಲೆ, ಇನ್ನು ಅವನಿಗೆ ಒಂದು ಕಾಸೂ ಕೊಡುವುದಿಲ್ಲ ಎಂದು ಅಬೂಬಕರ್ (ರ) ಆಣೆ ಹಾಕಿದರು. ಯಾವ ಅಪ್ಪನಾದರೂ ಹಾಗೆಯೇ ಮಾಡುತ್ತಿದ್ದ. ಆಗ ಸೂರಃ ನೂರ್‌ನ 22ನೇ ವಚನ ಇಳಿಯಿತು. ಅವರು ಕ್ಷಮಿಸಲಿ, ಬಿಟ್ಟುಬಿಡಲಿ. ಅಲ್ಲಾಹನು ನಿಮ್ಮನ್ನು ಕ್ಷಮಿಸಬೇಕೆಂಬ ಆಸೆ ನಿಮಗಿಲ್ಲವೇ? "ಅಲ್ಲಾಹನಾಣೆ, ಅಲ್ಲಾಹನು ನನ್ನನ್ನು ಕ್ಷಮಿಸಬೇಕೆಂಬ ಆಸೆ ನನಗಿದೆ" ಎಂದ ಅಬೂಬಕರ್ (ರ), ಮಿಸ್ತಹ್‌ಗೆ ಕೊಡುತ್ತಿದ್ದುದನ್ನು ಮತ್ತೆ ಶುರು ಮಾಡಿದರು.

ಮನಸ್ಸಿನ ಹಗೆ ಬಿಡುವುದು ಬೇರೆ, ಹೊಡೆದು ಬಡಿದವರ ಮನೆಗೆ ವಾಪಸ್ ಹೋಗುವುದು ಬೇರೆ. ಹಿಂಸೆ ಅನುಭವಿಸಿದವರು ಯಾರದ್ದೋ ಒತ್ತಾಯಕ್ಕೆ ಮತ್ತೆ ಅದೇ ಅಪಾಯಕ್ಕೆ ಹೋಗಬೇಕಾಗಿಲ್ಲ. ತಮ್ಮ ಹಕ್ಕಿಗಾಗಿ ಹೋರಾಡುವುದನ್ನೂ ಬಿಡಬೇಕಾಗಿಲ್ಲ. ಕೇಡಿಗೆ ಅಷ್ಟೇ ಪ್ರತಿಫಲ ಪಡೆಯುವ ಹಕ್ಕನ್ನು ಕುರ್‌ಆನ್ ಒಪ್ಪುತ್ತದೆ. ಕ್ಷಮಿಸಿದರೆ ಅದರ ಪ್ರತಿಫಲ ಅಲ್ಲಾಹನ ಬಳಿ ಇದೆ ಎಂದೂ ಅದೇ ವಚನದಲ್ಲಿ ಹೇಳುತ್ತದೆ.

ನಮಾಝ್ ಎಷ್ಟು? ಮೊದಲು ಭಿನ್ನಾಭಿಪ್ರಾಯ ತಿಳಿದುಕೊಳ್ಳಿ

ಈ ರಾತ್ರಿ ವಿಶೇಷವಾಗಿ ಇಬಾದತ್ (ಆರಾಧನೆ) ಮಾಡುವ ಬಗ್ಗೆ ಉಲಮಾಗಳಲ್ಲಿ (ಧಾರ್ಮಿಕ ವಿದ್ವಾಂಸರಲ್ಲಿ) ಹಳೆಯ ಕಾಲದಿಂದಲೂ ಎರಡು ಅಭಿಪ್ರಾಯ ಇದೆ. ಹಿಜ್ರಿ 795ರಲ್ಲಿ ತೀರಿಕೊಂಡ ಇಬ್ನು ರಜಬ್ ಇದನ್ನು ವಿವರವಾಗಿ ಬರೆದಿದ್ದಾರೆ. ಸಿರಿಯಾ ಕಡೆಯ ತಾಬಿಈನ್‌ಗಳಾದ (ಪ್ರವಾದಿಯವರ ಸಂಗಾತಿಗಳ ನಂತರದ ಪೀಳಿಗೆಯವರು) ಖಾಲಿದ್ ಇಬ್ನು ಮಅ್‌ದಾನ್, ಮಕ್‌ಹೂಲ್ ಮುಂತಾದವರು ಈ ರಾತ್ರಿಯನ್ನು ಗೌರವಿಸಿ ಎಚ್ಚರವಿದ್ದು ಇಬಾದತ್ ಮಾಡುತ್ತಿದ್ದರು. ಹಿಜಾಝ್ (ಮಕ್ಕಾ, ಮದೀನಾ ಇರುವ ಪ್ರದೇಶ) ಕಡೆಯ ಅತಾ ಮುಂತಾದವರು ಅದನ್ನು ಒಪ್ಪಲಿಲ್ಲ. ಮಸೀದಿಯಲ್ಲಿ ಗುಂಪು ಸೇರುವುದು ಸರಿಯಲ್ಲ, ಒಬ್ಬರೇ ನಮಾಝ್ ಮಾಡಿಕೊಂಡರೆ ತೊಂದರೆಯಿಲ್ಲ ಎಂದವರು ಸಿರಿಯಾದ ಇಮಾಮ್ ಔಝಾಈ. ದುಆ ಸ್ವೀಕಾರವಾಗುವ ಐದು ರಾತ್ರಿಗಳಲ್ಲಿ ಇದನ್ನೂ ಇಮಾಮ್ ಶಾಫಿಈ ಸೇರಿಸಿದ್ದಾರೆ.

ಆದರೆ ಒಂದು ವಿಷಯದಲ್ಲಿ ಗೊಂದಲ ಬೇಡ. ಈ ರಾತ್ರಿಗೆಂದೇ ನೂರು ರಕಅತ್, ಪ್ರತಿ ರಕಅತ್‌ನಲ್ಲಿ ಹತ್ತು ಸಲ ಸೂರಃ ಇಖ್ಲಾಸ್ ಎಂಬ ನಮಾಝ್ ಒಂದು ಪ್ರಚಾರದಲ್ಲಿದೆ. ಅದು ಹದೀಸ್‌ನಲ್ಲಿ ಇಲ್ಲ, ಕಟ್ಟಿದ ಕಥೆ ಎಂದು ಇಮಾಮ್ ನವವಿ ಅವರಂಥವರೇ ಖಂಡಿಸಿದ್ದಾರೆ. "ಇಷ್ಟು ರಕಅತ್ ಮಾಡಿದರೆ ಇಷ್ಟು ವರ್ಷದ ಪಾಪ ಹೋಗುತ್ತದೆ" ಎಂಬ ಪಟ್ಟಿಗಳನ್ನು ಹಾಗೆಯೇ ಬಿಟ್ಟುಬಿಡಿ, ಮುಂದಕ್ಕೆ ಕಳಿಸಬೇಡಿ. ಸೂರಃ ದುಖಾನ್‌ನಲ್ಲಿ ಬರುವ "ಅನುಗ್ರಹೀತ ರಾತ್ರಿ" ಇದೇ ಎಂದು ಇಕ್ರಿಮಾ ಹೇಳಿದ್ದುಂಟು. ಬಹುಪಾಲು ಮುಫಸ್ಸಿರ್‌ಗಳ (ಕುರ್‌ಆನ್ ವ್ಯಾಖ್ಯಾನಕಾರರ) ಪ್ರಕಾರ ಅದು ರಂಝಾನ್‌ನ ಲೈಲತುಲ್ ಕದ್ರ್.

ಹಾಗಾದರೆ ಏನು ಮಾಡಬೇಕು? ಎಲ್ಲ ರಾತ್ರಿಗಳಲ್ಲೂ ಒಳ್ಳೆಯದಾದ ಇಬಾದತ್‌ಗಳನ್ನೇ ಈ ರಾತ್ರಿ ಮನಸ್ಸಿಟ್ಟು ಮಾಡಿ. ಎರಡೆರಡು ರಕಅತ್ ನಫಿಲ್ (ಐಚ್ಛಿಕ ನಮಾಝ್), ಕುರ್‌ಆನ್ ಓದುವುದು, ದಿಕ್ರ್ (ಅಲ್ಲಾಹನ ಸ್ಮರಣೆ), ಸ್ವಲಾತ್ (ಪ್ರವಾದಿಯವರಿಗಾಗಿ ಪ್ರಾರ್ಥನೆ), ಇಸ್ತಿಗ್ಫಾರ್ (ಕ್ಷಮೆ ಬೇಡುವುದು), ದುಆ, ಸದಕಾ. ಸಂಖ್ಯೆ ನಿಮ್ಮ ಶಕ್ತಿಗೆ ಬಿಟ್ಟದ್ದು. ಈ ರಾತ್ರಿಗೆ ವಿಶೇಷವಿಲ್ಲ ಎಂದು ನಂಬುವ ಸಹೋದರನ ಜೊತೆ ಅದೇ ವಿಷಯಕ್ಕೆ ಜಗಳಕ್ಕೆ ನಿಲ್ಲಬೇಡಿ. ದ್ವೇಷ ಇಟ್ಟುಕೊಂಡವನಿಗೆ ಕ್ಷಮೆಯಿಲ್ಲ ಎಂಬ ಹದೀಸ್ ಇಬ್ಬರಿಗೂ ಅನ್ವಯಿಸುತ್ತದೆ.

ಮಗ್ರಿಬ್‌ನಿಂದ ಇಶಾವರೆಗೆ

ಹಗಲು ಸ್ವಲ್ಪ ಮಲಗಿ ಎದ್ದರೆ ರಾತ್ರಿ ಸುಲಭ. ರಾತ್ರಿ ಊಟ ಹೊಟ್ಟೆ ಬಿರಿಯುವಷ್ಟು ಬೇಡ. ಅಡುಗೆಮನೆಯ ಕೆಲಸವನ್ನು ಎಲ್ಲರೂ ಹಂಚಿಕೊಂಡು ಬೇಗ ಮುಗಿಸಿ. ಗಂಡಸರೆಲ್ಲ ಮಸೀದಿಯಲ್ಲಿ ದುಆ ಮಾಡುತ್ತಿರುವಾಗ ಹೆಂಗಸರು ಪಾತ್ರೆ ತೊಳೆಯುತ್ತಲೇ ರಾತ್ರಿ ಕಳೆಯುವಂತೆ ಆಗಬಾರದು. ಕ್ಷಮೆ ಅವರಿಗೂ ಬೇಕಲ್ಲ?

ಇಶಾ (ರಾತ್ರಿಯ) ನಮಾಝ್ ಜಮಾಅತ್ (ಸಾಮೂಹಿಕ ನಮಾಝ್) ಜೊತೆ ಮಾಡಿ. ಇಶಾ ಜಮಾಅತ್‌ನಲ್ಲಿ ಮಾಡಿದವನು ಅರ್ಧ ರಾತ್ರಿ ನಮಾಝ್‌ನಲ್ಲಿ ನಿಂತಂತೆ, ಫಜ್ರ್ ಕೂಡ ಹಾಗೆಯೇ ಮಾಡಿದರೆ ಇಡೀ ರಾತ್ರಿ ನಿಂತಂತೆ ಎಂದು ಉಸ್ಮಾನ್ (ರ) ಅವರಿಂದ ಬಂದ ಹದೀಸ್ ಮುಸ್ಲಿಮ್‌ನಲ್ಲಿದೆ. ರಾತ್ರಿ ಪಾಳಿಯ ಕೆಲಸ ಇರುವವರಿಗೆ, ಚಿಕ್ಕ ಮಗು ಇರುವವರಿಗೆ, ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಇದು ದೊಡ್ಡ ಸಮಾಧಾನ. ಫರ್ಝ್ (ಕಡ್ಡಾಯ ನಮಾಝ್) ಎರಡನ್ನು ಸರಿಯಾಗಿ ಹಿಡಿದು, ನಡುವೆ ಕೆಲಸ ಮಾಡುತ್ತಲೇ ನಾಲಿಗೆಯಲ್ಲಿ ಅಸ್ತಗ್ಫಿರುಲ್ಲಾಹ್ ಇಟ್ಟುಕೊಂಡರೆ ನೀವು ಏನನ್ನೂ ಕಳೆದುಕೊಂಡಿಲ್ಲ.

ಮುಟ್ಟಾದ ಹೆಣ್ಣುಮಕ್ಕಳಿಗೆ ನಮಾಝ್ ಇಲ್ಲ. ಆದರೆ ದುಆ, ದಿಕ್ರ್, ಸ್ವಲಾತ್, ಇಸ್ತಿಗ್ಫಾರ್ ಎಲ್ಲವೂ ಇದೆ. ವುಝೂ (ನಮಾಝ್‌ಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ಶುದ್ಧಿ) ಮಾಡಿಕೊಂಡು, ಮನೆಯಲ್ಲಿ ನಮಾಝ್ ಮಾಡುವ ಜಾಗದಲ್ಲೇ ಕುಳಿತು ದುಆ ಮಾಡಬಹುದು.

ತೌಬಾ ಮಾಡುವ ಕ್ರಮ

ಇದು ರಾತ್ರಿಯ ತಿರುಳು. ಅವಸರ ಬೇಡ. ಫೋನ್ ಇನ್ನೊಂದು ಕೋಣೆಯಲ್ಲಿ ಇಡಿ.

ನಿಧಾನವಾಗಿ ವುಝೂ ಮಾಡಿ. ಎರಡು ರಕಅತ್ ನಮಾಝ್ ಮಾಡಿ. ಪಾಪ ಮಾಡಿದ ದಾಸನು ಶುದ್ಧಿ ಮಾಡಿಕೊಂಡು, ಎರಡು ರಕಅತ್ ನಮಾಝ್ ಮಾಡಿ ಕ್ಷಮೆ ಕೇಳಿದರೆ ಅಲ್ಲಾಹನು ಕ್ಷಮಿಸುತ್ತಾನೆ ಎಂಬ ಹದೀಸ್ ಅಬೂಬಕರ್ (ರ) ಅವರಿಂದ ತಿರ್ಮಿದಿ ಮತ್ತು ಅಬೂದಾವೂದ್‌ನಲ್ಲಿದೆ. ಇದಕ್ಕೆ ವಿಶೇಷ ಸೂರಃ ಏನೂ ಇಲ್ಲ, ಬರುವುದನ್ನು ಓದಿ. ಸಜ್ದಾದಲ್ಲಿ (ಹಣೆ ನೆಲಕ್ಕಿಟ್ಟಾಗ) ಸ್ವಲ್ಪ ಹೆಚ್ಚು ಹೊತ್ತು ಇರಿ. ದಾಸನು ಅಲ್ಲಾಹನಿಗೆ ತೀರ ಹತ್ತಿರ ಇರುವುದು ಆಗಲೇ.

ಸಲಾಮ್ ಹೇಳಿದ ಮೇಲೆ ಕೈ ಎತ್ತಿ. ಮೊದಲು ಅಲ್ಲಾಹನ ಸ್ತುತಿ, ಆಮೇಲೆ ಪ್ರವಾದಿಯವರ ಮೇಲೆ ಸ್ವಲಾತ್. ನಂತರ ನಿಮ್ಮ ಪಾಪವನ್ನು ಹೆಸರಿಟ್ಟು ಹೇಳಿ. ನಿಮ್ಮ ಭಾಷೆಯಲ್ಲೇ, ಮೆಲ್ಲಗೆ. "ಯಾ ಅಲ್ಲಾಹ್, ಅಮ್ಮ ಕರೆದಾಗ ಸಿಡುಕಿದೆ. ಬೇಕೆಂದೇ ಫಜ್ರ್ ಬಿಟ್ಟೆ. ನೋಡಬಾರದ್ದನ್ನು ನೋಡಿದೆ." ಒಟ್ಟಾರೆ "ನನ್ನ ಎಲ್ಲ ಪಾಪ ಕ್ಷಮಿಸು" ಎನ್ನುವುದು ಸುಲಭ. ಒಂದೊಂದಾಗಿ ಹೇಳುವಾಗ ಗಂಟಲು ಕಟ್ಟುತ್ತದೆ. ಆ ಗಂಟಲು ಕಟ್ಟುವುದು ಬೇಕು. ಆದರೆ ಇದು ನಿಮಗೂ ಅಲ್ಲಾಹನಿಗೂ ನಡುವೆ ಇರಲಿ. ಅವನು ಮುಚ್ಚಿಟ್ಟ ಪಾಪವನ್ನು ನೀವೇ ಜನರ ಮುಂದೆ ಬಿಚ್ಚಿಡಬೇಡಿ.

ತೌಬಾ ನಿಲ್ಲಬೇಕಾದರೆ ಮೂರು ಷರತ್ತು ಎಂದು ಇಮಾಮ್ ನವವಿ ಹೇಳುತ್ತಾರೆ. ಆ ಪಾಪವನ್ನು ಈಗಲೇ ಬಿಡಬೇಕು. ಮಾಡಿದ್ದಕ್ಕೆ ಮನಸ್ಸು ನೋಯಬೇಕು. ಮತ್ತೆ ಮಾಡುವುದಿಲ್ಲ ಎಂದು ಗಟ್ಟಿಯಾಗಿ ನಿರ್ಧರಿಸಬೇಕು. ಇನ್ನೊಬ್ಬರ ಹಕ್ಕು ಸೇರಿದ್ದರೆ ನಾಲ್ಕನೆಯದು, ಅದನ್ನು ಹಿಂತಿರುಗಿಸುವುದು. ಮೊದಲನೆಯದನ್ನು ಕೈಯಾರೆ ಮಾಡಬಹುದು: ಆ ಆ್ಯಪ್ ಅಳಿಸಿ, ಆ ನಂಬರ್ ತೆಗೆಯಿರಿ, ಆ ಗುಂಪಿನಿಂದ ಹೊರಗೆ ಬನ್ನಿ. ದುಆ ಮುಗಿಸಿ ಏಳುವ ಮುಂಚೆಯೇ ಇಂಥ ಒಂದು ಕೆಲಸ ಯಾವುದು ಎಂದು ತೀರ್ಮಾನಿಸಿ, ಎದ್ದ ತಕ್ಷಣ ಮಾಡಿ.

"ಮತ್ತೆ ಅದೇ ಪಾಪಕ್ಕೆ ಬಿದ್ದರೆ?" ಎಂದು ಹೆದರಿ ತೌಬಾವನ್ನೇ ಮುಂದೂಡುವವರು ಇದ್ದಾರೆ. ನಿರ್ಧಾರ ಆ ಕ್ಷಣದಲ್ಲಿ ನಿಜವಾಗಿದ್ದರೆ ಸಾಕು. ಮತ್ತೆ ಬಿದ್ದರೆ ಮತ್ತೆ ಏಳಿ, ಮತ್ತೆ ಕೇಳಿ. ಸೂರಃ ಝುಮರ್‌ನ 53ನೇ ವಚನದಲ್ಲಿ ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡವರನ್ನು ಅಲ್ಲಾಹನು "ನನ್ನ ದಾಸರೇ" ಎಂದೇ ಕರೆಯುತ್ತಾನೆ. ಅಲ್ಲಾಹನ ಕರುಣೆಯಿಂದ ನಿರಾಶರಾಗಬೇಡಿ ಎನ್ನುತ್ತಾನೆ.

ಇಸ್ತಿಗ್ಫಾರ್‌ಗಳಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದದ್ದು ಎಂದು ಪ್ರವಾದಿ (ಸ) ಹೇಳಿದ ದುಆ ಒಂದಿದೆ, ಸಯ್ಯಿದುಲ್ ಇಸ್ತಿಗ್ಫಾರ್. ಶದ್ದಾದ್ ಇಬ್ನು ಔಸ್ (ರ) ಅವರಿಂದ ಬುಖಾರಿಯಲ್ಲಿ ಬಂದಿದೆ:

ಅಲ್ಲಾಹುಮ್ಮ ಅನ್ತ ರಬ್ಬೀ, ಲಾ ಇಲಾಹ ಇಲ್ಲಾ ಅನ್ತ, ಖಲಕ್ತನೀ ವ ಅನಾ ಅಬ್ದುಕ, ವ ಅನಾ ಅಲಾ ಅಹ್ದಿಕ ವ ವಅ್‌ದಿಕ ಮಸ್ತತಅ್‌ತು, ಅಊದು ಬಿಕ ಮಿನ್ ಶರ್ರಿ ಮಾ ಸನಅ್‌ತು, ಅಬೂಉ ಲಕ ಬಿ ನಿಅ್‌ಮತಿಕ ಅಲಯ್ಯ, ವ ಅಬೂಉ ಬಿ ದಂಬೀ, ಫಗ್‌ಫಿರ್ ಲೀ, ಫ ಇನ್ನಹೂ ಲಾ ಯಗ್‌ಫಿರುದ್ದುನೂಬ ಇಲ್ಲಾ ಅನ್ತ.

ಅದರ ಅರ್ಥ: ಅಲ್ಲಾಹನೇ, ನೀನು ನನ್ನ ಒಡೆಯ. ನಿನ್ನ ಹೊರತು ಬೇರೆ ಆರಾಧ್ಯನಿಲ್ಲ. ನನ್ನನ್ನು ಸೃಷ್ಟಿಸಿದವನು ನೀನು, ನಾನು ನಿನ್ನ ದಾಸ. ನನ್ನಿಂದ ಆಗುವಷ್ಟು ನಿನಗೆ ಕೊಟ್ಟ ಮಾತಿನ ಮೇಲೆ ಇದ್ದೇನೆ. ನಾನು ಮಾಡಿದ ಕೇಡಿನಿಂದ ನಿನ್ನ ಆಸರೆ ಬೇಡುತ್ತೇನೆ. ನೀನು ನನಗೆ ಕೊಟ್ಟ ಅನುಗ್ರಹವನ್ನು ಒಪ್ಪಿಕೊಳ್ಳುತ್ತೇನೆ, ನನ್ನ ಪಾಪವನ್ನೂ ಒಪ್ಪಿಕೊಳ್ಳುತ್ತೇನೆ. ನನ್ನನ್ನು ಕ್ಷಮಿಸು, ಪಾಪಗಳನ್ನು ಕ್ಷಮಿಸುವವನು ನೀನಲ್ಲದೆ ಬೇರೆ ಯಾರೂ ಇಲ್ಲ.

ಅರ್ಥ ಗೊತ್ತಿಟ್ಟುಕೊಂಡು ಒಂದು ಸಲ ಹೇಳಿದರೂ ಸಾಕು. ಅರಬಿ ಸರಾಗ ಬಾರದಿದ್ದರೆ ಈ ವಾರ ದಿನಕ್ಕೊಂದು ಸಾಲಿನಂತೆ ಕಲಿಯಿರಿ. ಉಚ್ಚಾರವನ್ನು ಬಲ್ಲವರಿಂದ ಕೇಳಿ ತಿದ್ದಿಕೊಳ್ಳಿ. ಕನ್ನಡ ಲಿಪಿಯಲ್ಲಿ ಎಲ್ಲ ಅರಬಿ ಧ್ವನಿಗಳೂ ಹಿಡಿಯುವುದಿಲ್ಲ.

ಬಿಟ್ಟುಹೋದ ಫರ್ಝ್ ನಮಾಝ್‌ಗಳು ರಾಶಿ ಇದ್ದರೆ ನಫಿಲ್ ಬದಲು ಆ ಕಝಾ ನಮಾಝ್‌ಗಳನ್ನೇ ಮಾಡಿ. ಹನಫಿ, ಶಾಫಿಈ ವಿದ್ವಾಂಸರು ಹೀಗೇ ಹೇಳುತ್ತಾರೆ. ಒಂದು ರಾತ್ರಿಯಲ್ಲಿ ಎಲ್ಲ ಮುಗಿಯುವುದಿಲ್ಲ. ಇವತ್ತು ಒಂದು ದಿನದ್ದು ಮಾಡಿ, ನಾಳೆಯಿಂದ ಪ್ರತಿ ಫರ್ಝ್ ಜೊತೆ ಒಂದು ಕಝಾ ಸೇರಿಸಿಕೊಳ್ಳಿ.

ಖಬರಸ್ತಾನಕ್ಕೆ ಹೋಗುವುದಾದರೆ

ಪ್ರವಾದಿ (ಸ) ಈ ರಾತ್ರಿ ಮದೀನಾದ ಬಕೀಅ್ ಖಬರಸ್ತಾನದಲ್ಲಿ ಇದ್ದರು ಎಂಬ ಹದೀಸ್ ತಿರ್ಮಿದಿಯಲ್ಲಿದೆ. ಬುಖಾರಿ ಅದನ್ನು ದುರ್ಬಲ ಎಂದಿದ್ದಾರೆಂದು ತಿರ್ಮಿದಿಯವರೇ ಬರೆದಿದ್ದಾರೆ. ಈ ರಾತ್ರಿಯೇ ಹೋಗಬೇಕು ಎಂಬ ಕಡ್ಡಾಯ ಇಲ್ಲ. ಹೋಗುವುದಾದರೆ ಸಲಾಮ್ ಹೇಳಿ: ಅಸ್ಸಲಾಮು ಅಲೈಕುಮ್ ಅಹ್ಲದ್ದಿಯಾರಿ ಮಿನಲ್ ಮುಅ್‌ಮಿನೀನ ವಲ್ ಮುಸ್ಲಿಮೀನ್. ತೀರಿಕೊಂಡವರಿಗೆ ಮಗ್ಫಿರತ್ (ಕ್ಷಮೆ) ಕೇಳಿ, ನಾವೂ ಅಲ್ಲಿಗೇ ಬರುವವರು ಎಂದು ನೆನೆದು ಬನ್ನಿ. ಗೋರಿ ತುಳಿಯಬೇಡಿ. ಬೈಕ್‌ಗಳಲ್ಲಿ ಗುಂಪು ಕಟ್ಟಿ, ಗದ್ದಲ ಮಾಡುತ್ತ ಹೋಗುವುದಾದರೆ ಮನೆಯಲ್ಲೇ ಕುಳಿತು ದುಆ ಮಾಡುವುದು ಮೇಲು. ಮಸೀದಿಯ ಮೈಕ್ ತಡರಾತ್ರಿ ಹೊರಗೆ ಕೇಳುವಂತೆ ಇಡಬಾರದು. ಅಕ್ಕಪಕ್ಕದವರ ನಿದ್ದೆಯೂ ಒಂದು ಹಕ್ಕೇ.

ರಾತ್ರಿಯ ಕೊನೆಯ ಭಾಗ

ಇಡೀ ರಾತ್ರಿ ಎಚ್ಚರ ಇರಲು ಆಗದಿದ್ದರೆ ಇಶಾ ಆದ ಮೇಲೆ ಮಲಗಿ, ಕೊನೆಯ ಮೂರನೇ ಒಂದು ಭಾಗದಲ್ಲಿ ಏಳಿ. ಲೆಕ್ಕ ಸುಲಭ. ಮಗ್ರಿಬ್‌ನಿಂದ ಫಜ್ರ್‌ವರೆಗಿನ ಹೊತ್ತನ್ನು ಮೂರು ಪಾಲು ಮಾಡಿ. ಉದಾಹರಣೆಗೆ ಮಗ್ರಿಬ್ 6.30ಕ್ಕೆ, ಫಜ್ರ್ 5.30ಕ್ಕೆ ಇದ್ದರೆ ಒಟ್ಟು 11 ಗಂಟೆ. ಒಂದು ಪಾಲು 3 ಗಂಟೆ 40 ನಿಮಿಷ. ಹಾಗಾದರೆ ಕೊನೆಯ ಪಾಲು ಶುರುವಾಗುವುದು 1.50ಕ್ಕೆ. ಮೂರೂವರೆಗೆ ಎದ್ದರೂ ಎರಡು ಗಂಟೆ ಸಿಗುತ್ತದೆ.

"ನನ್ನನ್ನು ಕರೆಯುವವರು ಯಾರು, ಉತ್ತರಿಸುತ್ತೇನೆ; ಕೇಳುವವರು ಯಾರು, ಕೊಡುತ್ತೇನೆ; ಕ್ಷಮೆ ಬೇಡುವವರು ಯಾರು, ಕ್ಷಮಿಸುತ್ತೇನೆ" ಎಂದು ಅಲ್ಲಾಹನು ಕೇಳುವ ಹೊತ್ತು ಇದು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸ್ ಪ್ರತಿ ರಾತ್ರಿಯ ಬಗ್ಗೆ. ವರ್ಷಕ್ಕೊಂದು ರಾತ್ರಿಗೆ ಕಾಯುವವರಿಗೆ ಇದು ಎಷ್ಟು ದೊಡ್ಡ ಸುದ್ದಿ!

ಫಜ್ರ್ ಮಾತ್ರ ತಪ್ಪಬಾರದು. ರಾತ್ರಿಯಿಡೀ ಎದ್ದಿದ್ದು ಫಜ್ರ್‌ಗೆ ನಿದ್ದೆ ಹೋದರೆ ನಫಿಲ್‌ಗಾಗಿ ಫರ್ಝ್ ಕಳೆದುಕೊಂಡ ಹಾಗೆ. ಖಲೀಫ ಉಮರ್ (ರ) ಅವರ ಕಾಲದಲ್ಲಿ ಸುಲೈಮಾನ್ ಎಂಬವರು ಒಂದು ಬೆಳಿಗ್ಗೆ ಜಮಾಅತ್‌ನಲ್ಲಿ ಕಾಣಲಿಲ್ಲ. ರಾತ್ರಿಯೆಲ್ಲ ನಮಾಝ್ ಮಾಡಿ ನಿದ್ದೆ ಬಂತು ಎಂದು ಅವರ ತಾಯಿ ಹೇಳಿದರು. ಫಜ್ರ್ ಜಮಾಅತ್‌ಗೆ ಹಾಜರಾಗುವುದು ನನಗೆ ಇಡೀ ರಾತ್ರಿ ನಿಲ್ಲುವುದಕ್ಕಿಂತ ಇಷ್ಟ ಎಂದರು ಉಮರ್ (ರ). ಇದು ಇಮಾಮ್ ಮಾಲಿಕ್ ಅವರ ಮುವತ್ತಾದಲ್ಲಿದೆ. ಹಾಗಾಗಿ ಅಲಾರಂ ಎರಡು ಇಡಿ, ಮನೆಯಲ್ಲಿ ಒಬ್ಬರಿಗೊಬ್ಬರು ಎಬ್ಬಿಸುವ ಮಾತು ಆಡಿಕೊಳ್ಳಿ.

15ರ ಉಪವಾಸ ಮತ್ತು ಉಳಿದ ಶಾಬಾನ್

ಈ ರಾತ್ರಿ ನಿಂತು, ಹಗಲು ಉಪವಾಸ ಹಿಡಿಯಿರಿ ಎಂಬ ಹದೀಸ್ ಅಲೀ (ರ) ಅವರ ಹೆಸರಿನಲ್ಲಿದೆ. ಅದರ ಸರಪಳಿ ತುಂಬ ದುರ್ಬಲ. ಆದರೆ ಉಪವಾಸಕ್ಕೆ ಬೇರೆ ಗಟ್ಟಿ ಆಧಾರಗಳಿವೆ. ಪ್ರತಿ ಚಾಂದ್ರಮಾನ ತಿಂಗಳ 13, 14, 15ರ ಉಪವಾಸ ಸುನ್ನತ್. ಶಾಬಾನ್‌ನಲ್ಲಿ ಪ್ರವಾದಿ (ಸ) ಹಿಡಿದಷ್ಟು ಉಪವಾಸ ರಂಝಾನ್ ಬಿಟ್ಟು ಬೇರೆ ತಿಂಗಳಲ್ಲಿ ಹಿಡಿದದ್ದನ್ನು ನೋಡಿಲ್ಲ ಎಂದು ಆಯಿಶಾ (ರ) ಹೇಳಿದ್ದಾರೆ. ಯಾಕೆ ಇಷ್ಟೊಂದು ಎಂದು ಉಸಾಮಾ (ರ) ಕೇಳಿದಾಗ ಬಂದ ಉತ್ತರ: ರಜಬ್‌ಗೂ ರಂಝಾನ್‌ಗೂ ನಡುವೆ ಜನರು ಅಲಕ್ಷಿಸುವ ತಿಂಗಳು ಇದು, ಕರ್ಮಗಳು ಅಲ್ಲಾಹನ ಬಳಿಗೆ ಏರುವ ತಿಂಗಳು, ನಾನು ಉಪವಾಸ ಇರುವಾಗ ನನ್ನ ಕರ್ಮ ಏರಲಿ ಎಂಬ ಆಸೆ.

ಆದ್ದರಿಂದ ಸಾಧ್ಯವಾದರೆ ಮೂರು ದಿನವೂ ಹಿಡಿಯಿರಿ. ಬರೀ 15 ಹಿಡಿದರೂ ಆಗುತ್ತದೆ. ಶಾಬಾನ್‌ನ ಎರಡನೇ ಅರ್ಧದಲ್ಲಿ ಹೊಸದಾಗಿ ನಫಿಲ್ ಉಪವಾಸ ಶುರು ಮಾಡುವುದನ್ನು ಶಾಫಿಈ ವಿದ್ವಾಂಸರು ಒಪ್ಪುವುದಿಲ್ಲ. ರಂಝಾನ್‌ಗೆ ಒಂದೆರಡು ದಿನ ಮುಂಚೆ, ರೂಢಿ ಇಲ್ಲದವರು ಸುಮ್ನೆ ಉಪವಾಸ ಹಿಡಿಯುವುದಕ್ಕೆ ಹದೀಸ್‌ನಲ್ಲೇ ತಡೆ ಇದೆ. ಕಾಯಿಲೆಯವರು, ಗರ್ಭಿಣಿಯರು, ಹಾಲೂಡಿಸುವವರು ನಫಿಲ್‌ಗಾಗಿ ಮೈ ದಣಿಸಿಕೊಳ್ಳಬೇಡಿ.

ಹೋದ ರಂಝಾನ್‌ನಲ್ಲಿ ಬಿಟ್ಟ ಉಪವಾಸಗಳ ಲೆಕ್ಕ ಈಗಲೇ ನೋಡಿ. ಆಯಿಶಾ (ರ) ಅವರೂ ತಮ್ಮ ಬಾಕಿ ಉಪವಾಸಗಳನ್ನು ಶಾಬಾನ್‌ನಲ್ಲೇ ತೀರಿಸುತ್ತಿದ್ದರು. ಈ ಕಝಾ ಫರ್ಝ್ ಆದ್ದರಿಂದ ಎರಡನೇ ಅರ್ಧದಲ್ಲೂ ಹಿಡಿಯಬಹುದು. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಆರೇಳು ದಿನ ಬಾಕಿ ಇರುವುದು ಸಾಮಾನ್ಯ. ಅವರು ಕೇಳಲು ಸಂಕೋಚಪಡುತ್ತಾರೆ. ಸಹರಿಗೆ (ಉಪವಾಸದ ಮುಂಜಾವಿನ ಊಟಕ್ಕೆ) ಅವರು ಒಬ್ಬರೇ ಏಳುವಂತಾಗದೆ, ಮನೆಯವರು ಯಾರಾದರೂ ಜೊತೆಗೆ ಎದ್ದು ಒಂದು ಲೋಟ ನೀರು ತುಂಬಿಕೊಟ್ಟರೂ ರಂಝಾನ್ ಚಂದ್ರ ಕಾಣುವುದರೊಳಗೆ ಬಾಕಿ ತೀರುತ್ತದೆ.